ಮೂರು ಕಡೆ ನೀರು

ಏಪ್ರಿಲ್ ಮೊದಲ ವಾರ, ಮುಂಜಾನೆ ಶಾಲೆ.
ಒಂಬತ್ತಕ್ಕೇ ತಗಡು ಚಟಚಟ ಅನ್ನುತ್ತದೆ ಶಹಾಬಾದದಲ್ಲಿ.
ಗೋಡೆಗೆ ಜಗತ್ತಿನ ನಕ್ಷೆ,
ಸಿಮೆಂಟ್ ಕಾರ್ಖಾನೆಯವರ ದಾನ,
ಪೆಸಿಫಿಕ್ ಸಾಗರಕ್ಕಿಂತ ಅವರ ಹೆಸರೇ ಅಗಲ.
ಅದರ ನೆತ್ತಿಯ ಮೇಲೊಂದು ಹಲ್ಲಿ;
ಮುಖ ಟ್ಯೂಬ್‌ಲೈಟಿಗೆ,
ಬಾಲದ ತುದಿ ರಷ್ಯಾದ ಮೇಲಂಚಿಗೆ.

ಪಾಠದಲ್ಲಿಲ್ಲ, ಪರೀಕ್ಷೆಗೆ ಬರುವುದಿಲ್ಲ.
ಆದರೆ ನಾನು ಅತಿಥಿ ಶಿಕ್ಷಕಿ,
ಮೂರು ತಿಂಗಳ ಸಂಬಳ ಬಾಕಿ,
ನನಗ್ಯಾರ ಅಂಜಿಕೆ?
ಹಲ್ಲಿ ತೋರಿಸಿದ ಊರನ್ನೇ ಹೇಳತೊಡಗಿದೆ.

"ಇದು ಯಮಾಲ್."
"ಯಮನ ಊರೇನ್ರಿ ಟೀಚರ್?" ಮಶಾಕ ಎದ್ದು ನಿಂತ.
"ಯಮಂದು ದಕ್ಷಿಣ ದಿಕ್ಕಲೇ, ಇದು ಉತ್ತರದ ತುದಿ.
ಅಲ್ಲಿಯವರ ಮಾತಿನಾಗ ಯಮಾಲ್ ಅಂದ್ರ
ನೆಲದ ಕೊನಿ."

ಕಡಲೊಳಗೆ ಚಾಚಿದ ಬೆರಳು, ಏಳುನೂರು ಕಿಲೋಮೀಟರು.
ಬೆಟ್ಟವಿಲ್ಲ, ನೆರಳಿಗೊಂದು ಬೇವಿಲ್ಲ,
ಎಣಿಸಿ ಮುಗಿಯದ ಕೆರೆಗಳು.
ಚಳಿಗಾಲದಲ್ಲಿ ಸೂರ್ಯ ರಜೆ ಹಾಕಿದರೆ
ವಾರಗಟ್ಟಲೆ ಪತ್ತೆಯಿಲ್ಲ
(ಮಕ್ಕಳು ಹೆಡ್‌ಮಾಸ್ತರರ ಕೋಣೆ ಕಡೆ ನೋಡಿ ನಕ್ಕರು),
ಬೇಸಿಗೆಯಲ್ಲಿ ಬಂದರೆ ಮನೆಗೆ ಹೋಗುವುದಿಲ್ಲ.
ನೆಲದಡಿಯ ಮಣ್ಣು ಸದಾ ಹೆಪ್ಪುಗಟ್ಟಿ,
ಮಾರುಗಟ್ಟಲೆ ಐಸು.
ಐಸು ಅಂದದ್ದೇ ಮುಂದಿನ ಬೆಂಚು ಉಗುಳು ನುಂಗಿತು.

"ಸತ್ತವರನ್ನ ಹ್ಯಾಂಗ ಹುಗೀತಾರ್ರಿ?"
ಕೇಳಿದವಳು ಮರಗಮ್ಮ.
ಖಣಿಯಲ್ಲಿ ಕೆಲಸವಿಲ್ಲದ ದಿನ
ಅವಳಪ್ಪ ಊರಿನ ಹೆಣಗಳಿಗೆ ಗುಂಡಿ ತೋಡುತ್ತಾನೆ.
ಒಂದು ಗೇಣಿಗೇ ಬಂಡೆ. ಆಮೇಲೆ ಉಳಿ, ಸುತ್ತಿಗೆ,
ಬೀಡಿ, ಮತ್ತೆ ಉಳಿ.
"ಹುಗಿಯೂದಿಲ್ಲ, ಕಟ್ಟಿಗಿ ಪೆಟ್ಟಿಗ್ಯಾಗಿಟ್ಟು
ನೆಲದ ಮ್ಯಾಲೇ ಬಿಡ್ತಾರ."
"ಚಲೋ ಆತು," ಅಂದಳು. ಅವರಪ್ಪನ ಕೈ ನೆನೆದು ಅಂದಿರಬೇಕು.

ಬದುಕಿಗೆ ಹಿಮಸಾರಂಗ.
ಹಾಲು ಅಷ್ಟಕ್ಕಷ್ಟೆ; ಮಾಂಸ ಉಂಟು, ಚರ್ಮ ಉಂಟು,
ಎಳೆಯುವ ಕಾಲುಗಳುಂಟು.
ಡೇರೆ ಕಿತ್ತು ಬಂಡಿಗೆ ಹೇರಿ
ಬೇಸಿಗೆಗೆ ಮೇಲೆ, ಚಳಿಗೆ ಕೆಳಗೆ.
ಹಿಮ ಕೆದರಿದರೆ ಅಡಿಯಲ್ಲಿ ಪಾಚಿ, ಅದೇ ಮೇವು.
ಒಂದು ವರ್ಷ ಚಳಿಗಾಲದಲ್ಲಿ ಮಳೆ ಬಿತ್ತು.
ಬಿದ್ದ ಮಳೆ ಗಾಜಾಯಿತು.
ಗೊರಸಿಗೆ ಒಡೆಯಲಾಗದ ಗಾಜು, ಕೆಳಗೆ ಮೇವು,
ಮೇಲೆ ಹಸಿದ ಬಾಯಿ.
ಸಾವಿರ ಸಾವಿರ ಸತ್ತವು.
"ಮಳಿಯಿಂದಾನ?"
"ಹೌದು, ಮಳಿಯಿಂದಾನೇ."
ಹೋದ ಜೂನಿನಲ್ಲಿ ತಲೆಯ ಮೇಲೆ ಗುರ್ಜಿ ಹೊತ್ತು
ಮನೆಮನೆ ತಿರುಗಿದ ಮಕ್ಕಳು
ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದೇ ನೆಲದ ಕೆಳಗೆ ಅನಿಲ.
ಐಸು ಸೀಳುವ ಹಡಗು, ರೈಲು, ಉರಿಯುವ ಚಿಮಣಿ.
ಕೊಳವೆಯೊಳಗೆ ಹೋಗುತ್ತದೆ ದೂರದ ಒಲೆಗಳಿಗೆ;
ಸಾರಂಗದ ಹಿಂಡು ಕೊಳವೆ ದಾಟಲು
ಕಂಪನಿ ಬಿಟ್ಟ ಜಾಗ ಹುಡುಕಬೇಕು.
ಇದನ್ನು ಯಾರೂ ಬಿಡಿಸಿ ಕೇಳಲಿಲ್ಲ.
ಕಿಟಕಿಯಾಚೆ ಫರಸಿ ತುಂಬಿದ ಲಾರಿ ಹೋಯಿತು,
ಬಿಳಿ ಧೂಳು ಹಾಜರಿ ಪುಸ್ತಕದ ಮೇಲೆ ಕೂತಿತು.

"ಪರ್ಯಾಯ ದ್ವೀಪ ಅಂದ್ರ?"
ಎಲ್ಲರೂ ರಾಗವಾಗಿ: "ಮೂರು ಕಡೆ ನೀರು, ಒಂದು ಕಡೆ ನೆಲ."
"ಉದಾಹರಣೆ?"
"ಭಾರತ." "ಅರೇಬಿಯಾ."
"ನಮ್ಮ ಮನಿ."

ನಗು ತಗಡಿಗೆ ಬಡಿಯಿತು. ನಾನು ನಗಲಿಲ್ಲ,
ಜನಗಣತಿಗೆ ಹೋದಾಗ ಆ ಮನೆ ನೋಡಿದ್ದೆ.
ಗುತ್ತಿಗೆದಾರ ಕಲ್ಲು ಮುಗಿಸಿ ಕೈಬಿಟ್ಟ ಮೂರು ಖಣಿ,
ಮೂರರಲ್ಲೂ ಹಸಿರು ನೀರು, ಆಳ ಕಂಡವರಿಲ್ಲ.
ನಡುವೆ ಕೈಗಾಡಿ ಅಗಲದ ದಾರಿ.
ಅಪ್ಪ ಬರುವುದು ತಡವಾದರೆ
ಅವ್ವ ಮೊಬೈಲ್ ಬ್ಯಾಟರಿ ಹಿಡಿದು ತುದಿಗೆ ನಿಲ್ಲುತ್ತಾಳೆ.
"ಉತ್ತರ ಬರೋಬರಿ ಅದ," ಅಂದೆ.

ಮರಗಮ್ಮ ಕೂಡಲಿಲ್ಲ.
ಕಾಲಡಿಯ ಫರಸಿಯಲ್ಲಿ ಯಾವುದೋ ಕಾಲದ ಕಡಲು
ತೆರೆ ಬರೆದು ಹೋದ ಗೆರೆಗಳು;
ಅವನ್ನೇ ಹೆಬ್ಬೆರಳಲ್ಲಿ ಉಜ್ಜುತ್ತ ಕೇಳಿದಳು:
"ಚಳಿಗಾಲದಾಗ ಅಲ್ಲಿ ನೀರೇ ಕಲ್ಲಾಗ್ತದಲ್ರಿ?
ಹಂಗಾದ್ರ ಅವರು
ನಾಲ್ಕೂ ಕಡಿಯಿಂದ ಮನಿಗಿ ಬರಬಹುದಲ್ರಿ?"

ಬರಬಹುದು, ಅಂದೆ.
ಹಲ್ಲಿ ಅಷ್ಟೊತ್ತಿಗೆ ಆಫ್ರಿಕಾಕ್ಕೆ ಇಳಿದಿತ್ತು.